ಮನೆಯ ಹಿರಿಯರ ತಟ್ಟೆಯಲ್ಲಿ ಅನ್ನ, ಮುದ್ದೆ ಕಡಿಮೆ ಮಾಡಿಸುವುದು ಹೇಗೆ?

"ಅಪ್ಪನಿಗೆ ಶುಗರ್. ಅನ್ನ ಕಡಿಮೆ ಮಾಡಿ ಅಂದರೆ ಕೇಳೋದೇ ಇಲ್ಲ." ಈ ಮಾತು ಬಾರದ ಮನೆ ಈಗ ಅಪರೂಪ. ಮಕ್ಕಳು ಒಂದು ವಿಡಿಯೊ ಕಳಿಸುತ್ತಾರೆ. ಭಾನುವಾರ ಊಟಕ್ಕೆ ಕೂತಾಗ "ನಾಳೆಯಿಂದ ಅನ್ನ ಬಂದ್" ಅನ್ನುತ್ತಾರೆ. ಸೋಮವಾರ ಅಪ್ಪ ಮುಖ ಗಂಟಿಕ್ಕಿಕೊಂಡು ಎರಡು ಚಪಾತಿ ತಿನ್ನುತ್ತಾರೆ. ಬುಧವಾರ ತಲೆಸುತ್ತು. ಗುರುವಾರ ಯಾರದೋ ಗೃಹಪ್ರವೇಶ, ಎರಡು ಹೋಳಿಗೆ. ಅಲ್ಲಿಗೆ ಕಥೆ ಮುಗಿಯಿತು.

ನಾನೂ ಹೀಗೇ ಎರಡು ಸಲ ಕೆಡಿಸಿದವನು. ಮೂರನೇ ಸಲ ಕೈಹಿಡಿಯಿತು. ತಿನ್ನಬೇಕಾದ್ದರ ಪಟ್ಟಿ ಮೂರೂ ಸಲ ಹೆಚ್ಚು ಕಡಿಮೆ ಒಂದೇ ಇತ್ತು. ಬದಲಾದದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೊದಲನೆಯದನ್ನಂತೂ ಬಿಡಲೇಬೇಡಿ.

ಎಷ್ಟು ಕಡಿಮೆ ಅಂದರೆ ಕಡಿಮೆ?

ಅನ್ನ, ಮುದ್ದೆ, ಸಿಹಿಯಲ್ಲಿರುವ ಪಿಷ್ಟ, ಸಕ್ಕರೆಯ ಅಂಶಕ್ಕೆ ಕಾರ್ಬ್ ಅನ್ನುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಕಾರ್ಬ್ ಇದ್ದರೆ ಅದಕ್ಕೆ ಲೋ ಕಾರ್ಬ್ ಅನ್ನುತ್ತಾರೆ. ಕೀಟೋ ಅನ್ನುವುದು ಅದಕ್ಕೂ ತುಂಬಾ ಕೆಳಗೆ, 50 ಗ್ರಾಂ ಒಳಗೆ. ಅರವತ್ತು ದಾಟಿದವರಿಗೆ ಮನೆಯಲ್ಲೇ ಕೀಟೋ ಮಾಡಿಸಲು ಹೋಗಬೇಡಿ.

ಈಗ ಹಳೇ ಮೈಸೂರು ಕಡೆಯ ಒಂದು ದಿನದ ಊಟವನ್ನು ಲೆಕ್ಕ ಹಾಕಿ. ಬೆಳಿಗ್ಗೆ ನಾಲ್ಕು ಇಡ್ಲಿ, ಸುಮಾರು 40 ಗ್ರಾಂ. ಎರಡೆರಡು ಚಮಚ ಸಕ್ಕರೆಯ ಮೂರು ಕಾಫಿ, 30. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಒಂದು ಮುದ್ದೆ, 67. ಮೇಲೆ ಒಂದು ಬಟ್ಟಲು ಅನ್ನ, 42. ಸಂಜೆ ನಾಲ್ಕು ಬಿಸ್ಕತ್ತು, 20. ರಾತ್ರಿ ಹೊಟ್ಟೆ ತುಂಬ ಅನ್ನ, 70. ಮಲಗುವ ಮುಂಚೆ ಒಂದು ಬಾಳೆಹಣ್ಣು, 15. ಸಾರು, ಹುಳಿಯಲ್ಲಿರುವ ಬೇಳೆ ಸೇರಿಸದೆಯೇ 280 ದಾಟಿತು.

ಇದನ್ನು ಒಂದೇ ದಿನದಲ್ಲಿ 130ಕ್ಕೆ ಇಳಿಸಿದರೆ ಯಾರಾದರೂ ಓಡಿಹೋಗುತ್ತಾರೆ. ಮೊದಲ ತಿಂಗಳ ಗುರಿ 200 ಇರಲಿ. ಅಷ್ಟಕ್ಕೇ ಎಷ್ಟೋ ಜನರ ಶುಗರ್ ಮೀಟರ್‌ನಲ್ಲಿ ವ್ಯತ್ಯಾಸ ಕಾಣುತ್ತದೆ.

ಹಂತ 1: ಮೊದಲು ಡಾಕ್ಟರ್, ಆಮೇಲೆ ಅಡುಗೆಮನೆ

ಮಾತ್ರೆಯ ಚೀಟಿ ಕೈಗೆ ತೆಗೆದುಕೊಳ್ಳಿ. ಅಪ್ಪ ಏನು ತಿನ್ನುತ್ತಿದ್ದಾರೋ ಅದಕ್ಕೆ ತಕ್ಕಂತೆ ಡಾಕ್ಟರ್ ಮಾತ್ರೆ ಕೊಟ್ಟಿರುತ್ತಾರೆ. ಊಟ ಅರ್ಧವಾಗಿ ಮಾತ್ರೆ ಅಷ್ಟೇ ಇದ್ದರೆ ಶುಗರ್ ಒಮ್ಮೆಲೇ ಕುಸಿಯಬಹುದು. ಮೇಲೆ ಹೇಳಿದ ಬುಧವಾರದ ತಲೆಸುತ್ತು ಎಷ್ಟೋ ಮನೆಯಲ್ಲಿ ಇದೇ. ಹಿರಿಯರು "ಅನ್ನ ಬಿಟ್ಟಿದ್ದಕ್ಕೆ ನಿಶ್ಶಕ್ತಿ" ಅನ್ನುತ್ತಾರೆ. ಮಕ್ಕಳು "ನೆಪ" ಅನ್ನುತ್ತಾರೆ. ಹಿರಿಯರು ಹೇಳುವುದೇ ಸತ್ಯಕ್ಕೆ ಹತ್ತಿರ.

ಚೀಟಿಯಲ್ಲಿ ಇವನ್ನು ಹುಡುಕಿ:

- ಇನ್ಸುಲಿನ್, ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್: ಊಟ ಕಡಿಮೆಯಾದರೆ ಶುಗರ್ ಕುಸಿಸುವ ಔಷಧಿಗಳು. ಡೋಸ್ ಬಗ್ಗೆ ಡಾಕ್ಟರ್ ಹೇಳುವ ತನಕ ಅನ್ನ ಕಡಿಮೆ ಮಾಡಬೇಡಿ.
- ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಇವುಗಳ ಜೊತೆ ಕಾರ್ಬ್ ತೀರಾ ಕಡಿಮೆಯಾದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ. ಡಾಕ್ಟರಿಗೆ ತಪ್ಪದೆ ಹೇಳಿ.
- ಬಿಪಿ ಮಾತ್ರೆ: ಕಾರ್ಬ್ ಇಳಿದಾಗ ದೇಹದಿಂದ ನೀರು, ಉಪ್ಪು ಜಾಸ್ತಿ ಹೋಗುತ್ತದೆ. ಬಿಪಿ ಇಳಿಯಬಹುದು.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದರೆ ಶುಗರ್ ಕುಸಿಯುವ ಭಯ ಕಡಿಮೆ. ಆದರೂ ಡಾಕ್ಟರನ್ನು ಒಂದು ಮಾತು ಕೇಳಿ.

ಜಾಸ್ತಿ ಮಾಂಸ, ಮೊಟ್ಟೆ, ಕಾಳು ಕೊಡುವ ಮುಂಚೆ ಕಿಡ್ನಿ ಪರೀಕ್ಷೆಯೂ ಆಗಿರಲಿ. ಆ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಹೆಚ್ಚು ಬಂದವರು (ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡದಿರಬಹುದಾದವರು), ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಟೈಪ್ 1 ಮಧುಮೇಹ ಇರುವವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು: ಇವರಿಗೆಲ್ಲ ಈ ಮಾರ್ಗದರ್ಶಿ ಅಲ್ಲ.

ಈ ಭೇಟಿಗೆ ಅಪ್ಪನನ್ನೂ ಕರೆದುಕೊಂಡು ಹೋಗಿ. "ರಾತ್ರಿ ಅನ್ನ ಸ್ವಲ್ಪ ಕಡಿಮೆ ಮಾಡಿ ನೋಡಿ" ಅಂತ ಡಾಕ್ಟರ್ ಬಾಯಲ್ಲಿ ಒಮ್ಮೆ ಬಂದರೆ, ನೀವು ಹತ್ತು ಸಲ ಹೇಳುವುದು ತಪ್ಪುತ್ತದೆ.

ಬೇಕಾದ ಸಾಮಾನು

ಗ್ಲುಕೋಮೀಟರ್, ಅದರ ಸ್ಟ್ರಿಪ್, ಸೂಜಿ. ಅಡುಗೆಮನೆಯಲ್ಲಿ ಇಡುವ ಚಿಕ್ಕ ಡಿಜಿಟಲ್ ತಕ್ಕಡಿ. ಒಂದು ನೋಟ್‌ಬುಕ್. ಟೈಲರ್ ಟೇಪು, ಸೊಂಟ ಅಳೆಯಲು. ಔಷಧಿ ಅಂಗಡಿಯ ಗ್ಲೂಕೋಸ್ ಪುಡಿ. ಕೊನೆಯದು ಯಾಕೆ ಅನ್ನುವುದು ಎಚ್ಚರಿಕೆಯ ಭಾಗದಲ್ಲಿದೆ.

ಲೋ ಕಾರ್ಬ್ ಹಿಟ್ಟು, ಪ್ರೋಟೀನ್ ಡಬ್ಬಿ, ಬಾದಾಮಿ ಬ್ರೆಡ್ ಇದ್ಯಾವುದೂ ಬೇಡ. ದುಡ್ಡು ದಂಡ. ಮೇಲಿಂದ "ಇದೇನೋ ರೋಗಿಗಳ ಊಟ" ಅನ್ನುವ ಭಾವನೆ ಮೊದಲ ದಿನವೇ ಬರುತ್ತದೆ.

ಹಂತ 2: ಒಂದು ವಾರ ಸುಮ್ನೆ ನೋಡಿ

ಈ ವಾರ ಏನನ್ನೂ ಬದಲಿಸಬೇಡಿ. ಅಪ್ಪ ಏನು, ಎಷ್ಟು, ಯಾವಾಗ ತಿಂದರು ಅಂತ ಬರೆದಿಡಿ. ಬಡಿಸುವ ಮುಂಚೆ ಅನ್ನ ತೂಗಿ. ಬೆಂದ ಅನ್ನ 100 ಗ್ರಾಂನಲ್ಲಿ ಸುಮಾರು 28 ಗ್ರಾಂ ಕಾರ್ಬ್ ಇರುತ್ತದೆ. ಮುದ್ದೆಯನ್ನು ತೂಗಬೇಡಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಹಿಟ್ಟನ್ನು ತೂಗಿ. ರೊಟ್ಟಿ, ಚಪಾತಿಗೂ ಇದೇ ನಿಯಮ.

ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್, ಮತ್ತೆ ಒಂದೊಂದು ದಿನ ಒಂದೊಂದು ಊಟದ ಎರಡು ಗಂಟೆ ನಂತರದ ಶುಗರ್ ಬರೆಯಿರಿ. ಎರಡು ಗಂಟೆ ಅಂದರೆ ಮೊದಲ ತುತ್ತಿನಿಂದ, ಕೈ ತೊಳೆದ ಮೇಲಿಂದ ಅಲ್ಲ. ಬೆರಳು ಚುಚ್ಚುವ ಮುಂಚೆ ಸೋಪಿನಲ್ಲಿ ಕೈ ತೊಳೆದು ಒರೆಸಬೇಕು. ಹಣ್ಣು ಮುಟ್ಟಿದ ಕೈಯಲ್ಲಿ ಚುಚ್ಚಿದರೆ ಮೀಟರ್ ಸುಳ್ಳು ಹೇಳುತ್ತದೆ. ಬೆರಳಿನ ತುದಿಯ ಮಧ್ಯೆ ಚುಚ್ಚಬೇಡಿ, ಪಕ್ಕದಲ್ಲಿ ಚುಚ್ಚಿ. ನೋವು ಕಡಿಮೆ.

ಈ ವಾರ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟದ ಕೆಲಸ. ಅಪ್ಪ ಮೂರನೇ ಸಲ ಅನ್ನ ಹಾಕಿಸಿಕೊಂಡರೂ ಹುಬ್ಬು ಏರಿಸಬೇಡಿ.

ಹಂತ 3: ಅಡುಗೆ ಮಾಡುವವರನ್ನು ಒಪ್ಪಿಸಿ

ಹೆಚ್ಚಿನವರು ಸೋಲುವುದು ಇಲ್ಲೇ. ಎಲ್ಲ ಮಾತೂ ಅಪ್ಪನ ಹತ್ತಿರ. ಅನ್ನ ಬಡಿಸುವ ಸೌಟು ಮಾತ್ರ ಅಮ್ಮನ ಕೈಯಲ್ಲಿ. ನಮ್ಮ ಮನೆಗಳಲ್ಲಿ "ಸಾಕು" ಅಂದವರಿಗೆ ಇನ್ನೊಂದು ಸೌಟು ಹಾಕುವುದೇ ಪ್ರೀತಿ. ಅಮ್ಮನಿಗೆ ಒಪ್ಪಿಗೆ ಇಲ್ಲದಿದ್ದರೆ ಈ ಪ್ರಯತ್ನ ಒಂದು ವಾರವೂ ನಿಲ್ಲುವುದಿಲ್ಲ.

ಅಮ್ಮನ ಜೊತೆ ಮಾತಾಡುವಾಗ ಎರಡು ವಿಷಯ ನೆನಪಿರಲಿ. ಒಂದು, ಅವರ ಅಡುಗೆಯಲ್ಲಿ ತಪ್ಪಿದೆ ಅನ್ನುವ ಧ್ವನಿ ಬರಬಾರದು. ಎರಡು, ಕೆಲಸ ಜಾಸ್ತಿ ಆಗಬಾರದು. ಎರಡು ಬಗೆ ಅಡುಗೆ ಮಾಡಿ ಅಂದರೆ ಅಲ್ಲಿಗೆ ಮುಗಿಯಿತು. "ಅಮ್ಮಾ, ಈಗ ಮಾಡೋದನ್ನೇ ಮಾಡಿ. ಪಲ್ಯ ಮಾತ್ರ ಎರಡರಷ್ಟು ಮಾಡೋಣ. ತರಕಾರಿ ನಾನು ಹೆಚ್ಚಿಕೊಡ್ತೀನಿ" ಅನ್ನಿ. ಹೆಚ್ಚಿಯೂ ಕೊಡಿ. ಮಾತಿನಲ್ಲೇ ಮುಗಿಸಿದರೆ ಮೂರನೇ ದಿನ ಪಲ್ಯ ಮತ್ತೆ ಒಂದು ಚಮಚಕ್ಕೆ ಬರುತ್ತದೆ.

ನೀವು ಸೊಸೆಯಾಗಿದ್ದು, ಶುಗರ್ ಇರುವುದು ಮಾವನವರಿಗೆ ಅಂತಾದರೆ, ಮಾತು ಮಗನ ಬಾಯಿಂದ ಬರಲಿ. "ಸೊಸೆ ಊಟ ಕಡಿಮೆ ಹಾಕ್ತಾಳೆ" ಅಂತ ಹೊರಗೆ ಒಂದು ಮಾತು ಹೋದರೆ ಆ ಕಳಂಕ ತೊಳೆಯುವುದು ಶುಗರ್ ಇಳಿಸುವುದಕ್ಕಿಂತ ಕಷ್ಟ.

ಹಂತ 4: ಅಪ್ಪನ ಹತ್ತಿರ ಏನು ಹೇಳಬೇಕು?

ಊಟದ ಹೊತ್ತಿನಲ್ಲಿ ಮಾತೆತ್ತಬೇಡಿ. ಕೈಯಲ್ಲಿ ತುತ್ತು ಹಿಡಿದವರಿಗೆ ಹೇಳುವ ಬುದ್ಧಿಮಾತು ಅವಮಾನದ ಹಾಗೆ ಕೇಳಿಸುತ್ತದೆ. ನೆಂಟರ ಮುಂದೆಯಂತೂ ಬೇಡವೇ ಬೇಡ. ಸಂಜೆ ವಾಕಿಂಗ್ ಹೋಗುವಾಗ, ಗಾಡಿಯಲ್ಲಿ ಜೊತೆಗೆ ಹೋಗುವಾಗ ಹೇಳಿ.

"ಹೀಗೇ ತಿಂದರೆ ಕಾಲು ಕತ್ತರಿಸ್ತಾರೆ" ಅಂತ ಹೆದರಿಸಬೇಡಿ. ಹೆದರಿದವರು ಅನ್ನ ಬಿಡುವುದಿಲ್ಲ, ಕದ್ದು ತಿನ್ನುತ್ತಾರೆ. ಕೇಳುವುದು ಚಿಕ್ಕದಾಗಿರಲಿ, ಅದಕ್ಕೊಂದು ಗಡುವು ಇರಲಿ:

"ಅಪ್ಪಾ, ಹದಿನೈದು ದಿನ ಒಂದು ಹೊತ್ತಿನ ಊಟ ಮಾತ್ರ ಬದಲಿಸಿ ನೋಡೋಣ. ಮೀಟರ್‌ನಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ನಾನೇ ಸುಮ್ಮನಾಗ್ತೀನಿ. ಯಾವ ಹೊತ್ತು ಅಂತ ನೀವೇ ಹೇಳಿ."

ಕೊನೆಯ ವಾಕ್ಯ ಬಿಡಬೇಡಿ. ಆಯ್ಕೆ ಅವರದಾದರೆ ಹಟ ಕಡಿಮೆ.

"ನಮ್ಮಪ್ಪ ಮೂರು ಮುದ್ದೆ ಉಂಡು ತೊಂಬತ್ತು ವರ್ಷ ಬದುಕಿದ್ದರು" ಅನ್ನುವ ಮಾತು ಬಂದೇ ಬರುತ್ತದೆ. ವಾದಕ್ಕೆ ಇಳಿಯಬೇಡಿ. "ಹೌದು, ತಾತ ಬೆಳಗಿನಿಂದ ಸಂಜೆ ತನಕ ಹೊಲದಲ್ಲೇ ಇರ್ತಿದ್ದರು ಅಲ್ವಾ" ಅಂದು ಮಾತು ಬದಲಿಸಿ.

ಹಂತ 5: ಮೊದಲು ಲೋಟ, ಆಮೇಲೆ ತಟ್ಟೆ

ಕಾಫಿ, ಟೀ ಸಕ್ಕರೆಯಿಂದ ಶುರು ಮಾಡಿ. ಇದಕ್ಕೆ ಹಸಿವಿನ ಕಾಟ ಇಲ್ಲ. ಎರಡು ಚಮಚ ಇದ್ದದ್ದು ಒಂದೂವರೆ, ನಾಲ್ಕು ದಿನ ಬಿಟ್ಟು ಒಂದು, ಆಮೇಲೆ ಅರ್ಧ. ಹಣ್ಣಿನ ಜ್ಯೂಸ್, ಮಾಲ್ಟ್ ಪುಡಿ, ರಾಗಿ ಗಂಜಿ ನಿಲ್ಲಿಸಿ. ಗಂಜಿ ನಿಲ್ಲಿಸಿ ಅಂದರೆ ಹುಬ್ಬೇರುತ್ತದೆ, ಗೊತ್ತು. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಬೇಯಿಸಿ ಕುಡಿದರೆ ಅದು ಬೇಗ ಜೀರ್ಣವಾಗಿ ಶುಗರ್ ಬೇಗ ಏರಿಸುತ್ತದೆ. ಮಜ್ಜಿಗೆ ಕೊಡಿ.

ಸಕ್ಕರೆ ಬದಲು ಬೆಲ್ಲ ಹಾಕಬೇಡಿ. ಮೀಟರ್‌ಗೆ ಎರಡೂ ಒಂದೇ.

ಹಂತ 6: ತೆಗೆಯುವ ಮುಂಚೆ ಸೇರಿಸಿ

ಮೊದಲ ವಾರ ಅನ್ನ ಕಡಿಮೆ ಮಾಡಲೇಬೇಡಿ. ಆಯ್ಕೆ ಮಾಡಿದ ಆ ಒಂದು ಊಟದಲ್ಲಿ ಅನ್ನಕ್ಕೆ ಮುಂಚೆ ಒಂದು ಬಟ್ಟಲು ಪಲ್ಯ, ಜೊತೆಗೆ ಕೋಸಂಬರಿಯೋ, ಮೊಟ್ಟೆಯೋ, ಕಾಳು ಉಸ್ಲಿಯೋ ಕೊಡಿ. ಅದು ಮುಗಿದ ಮೇಲೆ ಅನ್ನ ಬರಲಿ. ತರಕಾರಿ, ಪ್ರೋಟೀನ್ ಮೊದಲು ಹೊಟ್ಟೆಗೆ ಹೋಗಿ ಪಿಷ್ಟ ಕೊನೆಗೆ ಹೋದರೆ, ಅದೇ ಊಟಕ್ಕೆ ಶುಗರ್ ಅಷ್ಟು ಏರುವುದಿಲ್ಲ. ಎರಡನೇ ವಾರಕ್ಕೆ ಎರಡನೇ ಸಲದ ಅನ್ನ ತಾನಾಗಿಯೇ ಕಡಿಮೆಯಾಗಿರುತ್ತದೆ. ಆಗ ನೀವು ಸೌಟು ಚಿಕ್ಕದು ಮಾಡಿ.

ಶುರು ಮಾಡಲು ಒಳ್ಳೆಯ ದಿನ ಬಸ್ಸಾರಿನ ದಿನ. ಸೊಪ್ಪು, ಕಾಳು ಬೇಯಿಸಿ ನೀರು ಬಸಿದು ಸಾರು ಮಾಡಿದ ಮೇಲೆ ಉಳಿದದ್ದೇ ಪಲ್ಯ. ಬೇರೆ ಕೆಲಸವೇ ಇಲ್ಲ. ಇಷ್ಟು ದಿನ ತಟ್ಟೆಯ ಅಂಚಿಗೆ ಬೀಳುತ್ತಿದ್ದ ಪಲ್ಯವನ್ನು ಬಟ್ಟಲಿಗೆ ಹಾಕಿ, ಅಷ್ಟೇ.

ಆಮೇಲೆ ಈ ಕ್ರಮದಲ್ಲಿ ಇಳಿಸಿ:

1. ಮುದ್ದೆಯೋ ಅನ್ನವೋ, ಒಂದು ಹೊತ್ತಿಗೆ ಒಂದೇ. ಇದೊಂದರಲ್ಲೇ 40 ಗ್ರಾಂ ಉಳಿಯುತ್ತದೆ.
2. ಮುದ್ದೆಯ ಹಿಟ್ಟು 100 ಗ್ರಾಂ ಇದ್ದದ್ದು ವಾರಕ್ಕೆ 10 ಗ್ರಾಂನಂತೆ ಇಳಿದು 60ಕ್ಕೆ ಬರಲಿ.
3. ಸಾರನ್ನದ ಪಾಲು ಅರ್ಧ ಮಾಡಿ. ಬೇಳೆ ಗಟ್ಟಿಯಾಗಿರಲಿ. ತಿಳಿ ಸಾರಿನಲ್ಲಿ ಪ್ರೋಟೀನ್ ಹುಡುಕಿದರೂ ಸಿಗುವುದಿಲ್ಲ.
4. ಕೊನೆಯ ಮಜ್ಜಿಗೆ ಅನ್ನವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಎರಡು ತುತ್ತಾದರೂ ಇರಲಿ. ಅದಿಲ್ಲದೆ ಊಟ ಮುಗಿದ ಹಾಗೇ ಅನ್ನಿಸದವರು ನಮ್ಮಲ್ಲಿ ಬಹಳ.

ಉತ್ತರ ಕರ್ನಾಟಕದ ಮನೆಯಾದರೆ ಕೆಲಸ ಸುಲಭ. ಮೂರು ಜೋಳದ ರೊಟ್ಟಿ ಎರಡಾಗಲಿ, ಎಣ್ಣೆಗಾಯಿ, ಝುಣಕ, ಹಸಿ ತರಕಾರಿ ಜಾಸ್ತಿಯಾಗಲಿ, ರೊಟ್ಟಿಯ ಮೇಲೆ ಅನ್ನ ಬೇಡ. ಕರಾವಳಿಯಲ್ಲಿ ಮೀನು ಹೇಗೂ ಇದೆ. ಕುಚಲಕ್ಕಿ ಅಂತ ಧೈರ್ಯವಾಗಿ ಎರಡು ಪಾಲು ಉಣ್ಣುವುದನ್ನು ನಿಲ್ಲಿಸಬೇಕು.

ಪಲ್ಯದಲ್ಲಿ ಆಲೂಗಡ್ಡೆ, ಗೆಣಸು ತರಕಾರಿಯ ಲೆಕ್ಕಕ್ಕಿಲ್ಲ. ಬೆಂಡೆ, ಬದನೆ, ಹೀರೆ, ಪಡವಲ, ಹುರುಳಿಕಾಯಿ, ಗೋರಿಕಾಯಿ, ಎಲೆಕೋಸು, ಯಾವುದೇ ಸೊಪ್ಪು ಆಗುತ್ತದೆ. ಕಾಯಿ, ಶೇಂಗಾ, ಒಗ್ಗರಣೆಗೆ ಜಿಪುಣತನ ಬೇಡ. ಅನ್ನವನ್ನೂ ಎಣ್ಣೆಯನ್ನೂ ಒಟ್ಟಿಗೆ ಕಡಿಮೆ ಮಾಡಿದರೆ ರಾತ್ರಿ ಹನ್ನೊಂದಕ್ಕೆ ಡಬ್ಬಿ ತೆಗೆಯುವ ಸದ್ದು ಕೇಳಿಸುತ್ತದೆ.

ಹಂತ 7: ಮೀಟರ್ ಮಾತಾಡಲಿ

ಹದಿನೈದನೇ ದಿನ ಒಂದು ಚಿಕ್ಕ ಪರೀಕ್ಷೆ ಮಾಡಿ. ಒಂದು ದಿನ ಹಳೇ ಪ್ರಮಾಣದ ಊಟ, ಇನ್ನೊಂದು ದಿನ ಹೊಸದು. ಎರಡೂ ದಿನ ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆ ನಂತರ ಒಮ್ಮೆ ನೋಡಿ. ಮಾತ್ರೆ, ಹೊತ್ತು, ನಡಿಗೆ ಎಲ್ಲ ಒಂದೇ ಇರಬೇಕು. ಡಾಕ್ಟರ್ ಈಗಾಗಲೇ ಮಾತ್ರೆ ಕಡಿಮೆ ಮಾಡಿದ್ದರೆ ಈ ಪರೀಕ್ಷೆ ಬೇಡ. ಹಂತ 2ರ ಅಂಕಿಯ ಜೊತೆ ಹೋಲಿಸಿದರೆ ಸಾಕು.

ಅಂಕಿಯನ್ನು ಅಪ್ಪನೇ ಓದಲಿ, ಅಪ್ಪನೇ ನೋಟ್‌ಬುಕ್ಕಿಗೆ ಬರೆಯಲಿ. ನಮ್ಮ ಮನೆಯಲ್ಲಿ ಹಳೇ ಊಟದ ದಿನ 238 ಬಂತು, ಹೊಸದರ ದಿನ 171. ನಾನು ಏನೂ ಹೇಳಲಿಲ್ಲ. ಅಪ್ಪ ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಮಾರನೇ ದಿನ ಚಿತ್ರಾನ್ನ ತಿಂದು ತಾವೇ ಚುಚ್ಚಿಕೊಂಡರು. ನನ್ನ ಎರಡು ವರ್ಷದ ಮಾತು ಮಾಡದ ಕೆಲಸವನ್ನು ನಾಲ್ಕು ಸ್ಟ್ರಿಪ್ ಮಾಡಿದವು.

ಸಾಮಾನ್ಯವಾಗಿ ಊಟದ ಎರಡು ಗಂಟೆ ನಂತರ 180ರ ಒಳಗಿರಲಿ ಅನ್ನುತ್ತಾರೆ. ವಯಸ್ಸಾದವರಿಗೆ ಡಾಕ್ಟರ್ ಬೇರೆ ಗುರಿ ಹೇಳಬಹುದು. ಐದು, ಹತ್ತು ಅಂಕದ ವ್ಯತ್ಯಾಸಕ್ಕೆ ಅರ್ಥ ಹುಡುಕಬೇಡಿ, ಮೀಟರ್‌ನಲ್ಲೇ ಅಷ್ಟು ಹೆಚ್ಚು ಕಡಿಮೆ ಇರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಅಂಕಿ ಇನ್ನೂ ಇಳಿಯುತ್ತದೆ. ಆದರೆ ಅದನ್ನು ಪರೀಕ್ಷೆ ಮುಗಿದ ಮೇಲೆ ಸೇರಿಸಿ. ಇಲ್ಲದಿದ್ದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ.

ಹಂತ 8: ಬೆಳಗಿನ ತಿಂಡಿ

ಇದನ್ನು ಕೊನೆಗೆ ಇಟ್ಟಿದ್ದಕ್ಕೆ ಕಾರಣ ಇದೆ. ಉಪ್ಪಿಟ್ಟು, ಅವಲಕ್ಕಿ, ಇಡ್ಲಿ, ದೋಸೆ, ಚಿತ್ರಾನ್ನ: ನಮ್ಮ ತಿಂಡಿಗಳೆಲ್ಲ ಪಿಷ್ಟವೇ. ಮಧ್ಯಾಹ್ನ ಮತ್ತು ರಾತ್ರಿಯದ್ದು ಸರಿಹೋದ ಮೇಲೆ ಇದಕ್ಕೆ ಕೈ ಹಾಕಿ.

ನಾಲ್ಕು ಇಡ್ಲಿಗೆ ಚಮಚ ಚಟ್ನಿ ಇದ್ದದ್ದು ಎರಡು ಇಡ್ಲಿಗೆ ಬಟ್ಟಲು ಗಟ್ಟಿ ಸಾಂಬಾರು, ಶೇಂಗಾ ಚಟ್ನಿ ಆಗಲಿ. ಉಪ್ಪಿಟ್ಟಿನಲ್ಲಿ ರವೆಯಷ್ಟೇ ತರಕಾರಿ ಬೀಳಲಿ. ವಾರಕ್ಕೆ ಎರಡು ದಿನ ಹೆಸರುಕಾಳಿನ ದೋಸೆ, ತಿನ್ನುವವರಾದರೆ ಎರಡು ದಿನ ಮೊಟ್ಟೆ. ಉಳಿದ ದಿನ ಅವರಿಷ್ಟದ್ದು, ಪ್ರಮಾಣ ಮಾತ್ರ ಕಡಿಮೆ. ಏಳು ದಿನವೂ ಬದಲಿಸಲು ಹೋದವರು ಯಾರೂ ಗೆದ್ದಿದ್ದನ್ನು ನಾನು ನೋಡಿಲ್ಲ.

ಹಂತ 9: ಮದುವೆ, ಹಬ್ಬ, ನೆಂಟರ ಮನೆ

ಮನೆಯ ಊಟ ಹದಕ್ಕೆ ಬಂದರೆ ಇದು ದೊಡ್ಡ ಸಮಸ್ಯೆಯಲ್ಲ. ಎಲೆ ಊಟದಲ್ಲಿ ಪಲ್ಯ, ಕೋಸಂಬರಿ ಮೊದಲೇ ಬರುತ್ತವೆ, ಅವನ್ನು ಎರಡು ಸಲ ಹಾಕಿಸಿಕೊಳ್ಳಲಿ. ಹೋಳಿಗೆ ತಿನ್ನುವುದಾದರೆ ಒಂದು ತಿನ್ನಲಿ, ಆ ಹೊತ್ತು ಅನ್ನ ಕಡಿಮೆ. ಬಡಿಸುವವರ ಮುಂದೆ "ನಮ್ಮಪ್ಪನಿಗೆ ಹಾಕಬೇಡಿ, ಶುಗರ್" ಅಂತ ಕೂಗಬೇಡಿ. ಮಾರನೇ ದಿನ ಉಪವಾಸ ಮಾಡಿಸುವುದೂ ಬೇಡ. ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ.

ನಿಲ್ಲಿಸಿ ನೋಡಬೇಕಾದ ಚಿಹ್ನೆಗಳು

*ನಡುಕ, ತಣ್ಣನೆ ಬೆವರು, ಎದೆ ಡವಡವ, ಮಾತು ತೊದಲು, ಇದ್ದಕ್ಕಿದ್ದಂತೆ ಸಿಟ್ಟು.* ತಕ್ಷಣ ಮೀಟರ್ ಹಚ್ಚಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕೊಡಿ. 15 ನಿಮಿಷಕ್ಕೆ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಮೊದಲು ಕೊಡಿ. ಸಕ್ಕರೆಯೂ ಆಗುತ್ತದೆ, ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅದಕ್ಕೇ ಗ್ಲೂಕೋಸ್ ಪುಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

*ವಾಂತಿ, ಹೊಟ್ಟೆನೋವು, ಏದುಸಿರು.* ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ಇದ್ದರೆ ಶುಗರ್ ಅಂಕಿ ಅಷ್ಟೇನೂ ಹೆಚ್ಚಿಲ್ಲ ಅಂತ ಕಾಯಬೇಡಿ. ಆಸ್ಪತ್ರೆಗೆ ಹೋಗಿ.

*ಎದ್ದು ನಿಂತಾಗ ಕಣ್ಣು ಕತ್ತಲೆ.* ಕೂರಿಸಿ, ಶುಗರ್ ಜೊತೆ ಬಿಪಿಯನ್ನೂ ನೋಡಿ, ಡಾಕ್ಟರಿಗೆ ತಿಳಿಸಿ.

ತಲೆನೋವು, ಮಲಬದ್ಧತೆ, ಕಾಲು ಹಿಡಿತ ಮೊದಲ ಒಂದೆರಡು ವಾರ ಬರಬಹುದು. ನೀರು, ಸೊಪ್ಪು, ಮಜ್ಜಿಗೆ ಜಾಸ್ತಿ ಮಾಡಿ. ಹೃದಯ, ಕಿಡ್ನಿ ತೊಂದರೆ ಇರುವವರು ನೀರು, ಉಪ್ಪನ್ನು ಡಾಕ್ಟರ್ ಹೇಳಿದಷ್ಟೇ ತೆಗೆದುಕೊಳ್ಳಬೇಕು.

ಮತ್ತೆ ಮತ್ತೆ ಆಗುವ ತಪ್ಪುಗಳು

"ರಾಗಿ ತಿಂದರೆ ಶುಗರ್ ಏರಲ್ಲ." ಏರುತ್ತದೆ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಅಕ್ಕಿಗಿಂತ ತುಂಬಾ ಜಾಸ್ತಿ, ಅದು ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ 67 ಗ್ರಾಂ ಕಾರ್ಬ್ ಇದ್ದೇ ಇದೆ. ನವಣೆ, ಸಾಮೆಯಲ್ಲೂ 60ರಿಂದ 70. ಸಿರಿಧಾನ್ಯ ಅಂತ ಎರಡು ತಟ್ಟೆ ತಿಂದರೆ ಅನ್ನ ಬಿಟ್ಟು ಏನು ಲಾಭ?

ಅನ್ನ ಬಿಟ್ಟು ನಾಲ್ಕು ಚಪಾತಿ. ಒಂದು ಚಪಾತಿಗೆ 30 ಗ್ರಾಂ ಹಿಟ್ಟು ಅಂದರೂ ನಾಲ್ಕಕ್ಕೆ 80 ಗ್ರಾಂ ಕಾರ್ಬ್ ಹತ್ತಿರ. ಒಂದು ದೊಡ್ಡ ತಟ್ಟೆ ಅನ್ನವೇ ಅದು.

"ಶುಗರ್ ಫ್ರೀ" ಬಿಸ್ಕತ್ತು. ಸಕ್ಕರೆ ಇಲ್ಲ, ಮೈದಾ ಇದೆ.

ಅಪ್ಪನ ತಟ್ಟೆಯಲ್ಲಿ ಪಲ್ಯ, ಪಕ್ಕದಲ್ಲಿ ಮಗನ ತಟ್ಟೆಯಲ್ಲಿ ಬಿಸಿಬೇಳೆ ಬಾತ್. ಇದು ನನ್ನ ಎರಡನೇ ಸೋಲು. ಆ ಒಂದು ಹೊತ್ತಾದರೂ ಎಲ್ಲರೂ ಅದನ್ನೇ ತಿನ್ನಿ. ನಮ್ಮ ದೇಶದ ಊಟದಲ್ಲಿ ಸುಮಾರು ಶೇ 62ರಷ್ಟು ಕ್ಯಾಲೊರಿ ಕಾರ್ಬ್‌ನಿಂದಲೇ ಬರುತ್ತದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅನ್ನುವ ಮಧುಮೇಹ ಸಮೀಕ್ಷೆ ಹೇಳಿದೆ. ಅದು ನಮ್ಮ ನಿಮ್ಮ ತಟ್ಟೆಯೂ ಹೌದು.

ಮೂರು ತಿಂಗಳಿಗೆ

ಎಚ್‌ಬಿಎ1ಸಿ ಪರೀಕ್ಷೆ ಕಳೆದ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದಕ್ಕೂ ಮುಂಚೆ ಮಾಡಿಸಿದರೆ ಹಳೇ ಊಟದ ಲೆಕ್ಕವೂ ಸೇರಿ ಬರುತ್ತದೆ, ಸುಮ್ನೆ ಬೇಸರ. ಹಳೇ ರಿಪೋರ್ಟ್, ಹೊಸ ರಿಪೋರ್ಟ್, ನೋಟ್‌ಬುಕ್ ಮೂರನ್ನೂ ಡಾಕ್ಟರಿಗೆ ತೋರಿಸಿ. ಅಂಕಿ ಚೆನ್ನಾಗಿ ಬಂತು ಅಂತ ಮನೆಯಲ್ಲೇ ಮಾತ್ರೆ ನಿಲ್ಲಿಸಬೇಡಿ.

ಅಂಕಿ ಇಳಿಯದೇ ಇದ್ದರೆ ಅಪ್ಪನ ಮೇಲೆ ಅನುಮಾನ ಪಡುವ ಮುಂಚೆ ಸ್ಟ್ರಿಪ್ ಡಬ್ಬಿಯ ತಾರೀಖು ನೋಡಿ, ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗುತ್ತಿದೆಯಾ ನೋಡಿ, ಹಂತ 2ರ ಹಾಗೆ ಇನ್ನೊಂದು ವಾರ ಬರೆಯಿರಿ. ನಮ್ಮಲ್ಲಿ ಹೀಗೆ ಬರೆದಾಗ ಸಿಕ್ಕಿದ್ದು, ಪಾರ್ಕಿನ ಗೆಳೆಯರ ಜೊತೆ ದಿನಾ ಬೆಳಿಗ್ಗೆ ಕುಡಿಯುತ್ತಿದ್ದ ಸಕ್ಕರೆ ಟೀ. ಅದನ್ನು ನಾನು ನಿಲ್ಲಿಸಲಿಲ್ಲ. ಆ ಗೆಳೆಯರಲ್ಲಿ ಇಬ್ಬರಿಗೆ ಶುಗರ್ ಇತ್ತು. ಮೀಟರ್ ಅನ್ನು ಒಂದು ದಿನ ಅಪ್ಪನ ಕೈಯಲ್ಲಿ ಪಾರ್ಕಿಗೆ ಕಳಿಸಿದೆ.